45 ಎಣಿಸಿದ ದಿನ ಬಂದ ಪ್ರಶ್ನೆ

ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ಡಿಎನ್ಎ ಸುತ್ತಿಕೊಂಡಿರುವ ಕಡ್ಡಿ, ಅದನ್ನು ಎಣಿಸುವುದು ನನ್ನ ಕೆಲಸ. ರಕ್ತದ ಮಾದರಿ ಬಂದರೆ ಅದರ ಬಿಳಿ ಕಣಗಳನ್ನು ಮೂರು ದಿನ ಬೆಳೆಸುತ್ತೇವೆ. ಕಣ ಎರಡಾಗುವ ಹೊತ್ತಿಗೆ ಸರಿಯಾಗಿ ಔಷಧಿ ಹಾಕಿ ಅಲ್ಲೇ ನಿಲ್ಲಿಸುತ್ತೇವೆ. ಸ್ಲೈಡ್ ಮೇಲೆ ಹನಿ ಬೀಳಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪಟ್ಟೆ ಪಟ್ಟೆಯ ಸಣ್ಣ ಕಡ್ಡಿಗಳು ಚೆಲ್ಲಿಕೊಂಡಿರುತ್ತವೆ. ಜೋಡಿ ಹುಡುಕಿ ಸಾಲಾಗಿ ಇಟ್ಟರೆ 46.

ಒಂದು ಸಲ ಹೀಗೆ ಎಣಿಸಿದಾಗ 45 ಬಂತು. ಎರಡು ಸಲ ಗರ್ಭಪಾತವಾಗಿದ್ದ ದಂಪತಿ, ಅದರಲ್ಲಿ ಗಂಡನ ರಿಪೋರ್ಟ್ ಅದು. ಅವರ 13ನೇ ಕ್ರೋಮೋಸೋಮ್ ಒಂದು, 14ನೆಯದು ಒಂದು, ಎರಡೂ ಅಂಟಿಕೊಂಡು ಒಂದೇ ಕಡ್ಡಿ ಆಗಿದ್ದವು. ಮನುಷ್ಯ ಗಟ್ಟಿಮುಟ್ಟಾಗಿದ್ದರು. ವಿವರಿಸಿ ಮುಗಿಸಿದ ಮೇಲೆ ಅವರು ಕೇಳಿದರು: "ಮೇಡಂ, ಕೋತಿ ಜಾತಿಗೆ 48, ಮನುಷ್ಯನಿಗೆ 46, ಈ ಲೆಕ್ಕ ಬದಲಾಗೋಕೆ ಸಾಧ್ಯವೇ ಇಲ್ಲ, ಅದಕ್ಕೇ ದೇವರು ಮನುಷ್ಯನನ್ನು ಬೇರೆಯಾಗಿ ಮಾಡಿದ ಅಂತ ಓದಿದ್ದೆ. ಹಾಗಾದ್ರೆ ನಾನು ಯಾವ ಲೆಕ್ಕ?"

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ದೇವರನ್ನು ನಂಬುವವಳು. ಸೃಷ್ಟಿಗೆ ವಿಜ್ಞಾನದ ಪುರಾವೆ ಇದೆ ಎಂದು ಹೇಳುವ ಬರಹಗಳನ್ನು ನಾನು ದ್ವೇಷದಿಂದ ಓದುವುದಿಲ್ಲ. ಆದರೆ ಆ ಬರಹಗಳಲ್ಲಿ ಕೆಲವು ವಾದಗಳು ನನ್ನ ಮೇಜಿನ ಮೇಲೆ ದಿನಾ ಬಂದು ಬೀಳುವ ಸಂಗತಿಗಳ ಬಗ್ಗೆಯೇ ಇವೆ. ಅವು ಸರಿಯಿಲ್ಲ ಎಂದು ಕಂಡಾಗ ಸುಮ್ಮನಿರಲು ಆಗುವುದಿಲ್ಲ.

ಮೊದಲು ಆ 48 ಮತ್ತು 46ರ ವಿಷಯ. ಲೆಕ್ಕ ಬದಲಾಗಲು ಸಾಧ್ಯವಿಲ್ಲ ಎನ್ನುವುದು ತಪ್ಪು. ಆ ಮನುಷ್ಯನಿಗೆ ಆಗಿದ್ದಂಥ ಅಂಟಿಕೆ ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಇರುವುದಿಲ್ಲ. 44 ಇರುವ ಆರೋಗ್ಯವಂತರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಕಡ್ಡಿಗಳ ಸಂಖ್ಯೆ ಕಡಿಮೆಯಾದರೂ ಅದರಲ್ಲಿರುವ ಮುಖ್ಯ ಮಾಹಿತಿ ಹಾಗೇ ಉಳಿದಿರುತ್ತದೆ. ಮಕ್ಕಳಾಗುವಾಗ ಕೆಲವು ಸಲ ತೊಂದರೆ ಕೊಡುತ್ತದೆ, ನಿಜ. ಆದರೂ ಇಂಥವರಿಗೆ ಮಕ್ಕಳಾಗುತ್ತವೆ, ಮೊಮ್ಮಕ್ಕಳೂ ಆಗುತ್ತವೆ.

ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48. ನಮಗೆ 46. 1982ರಲ್ಲಿ ಈ ನಾಲ್ಕರ ಕ್ರೋಮೋಸೋಮ್‌ಗಳನ್ನು ಪಟ್ಟೆಗೆ ಪಟ್ಟೆ ಹೊಂದಿಸಿ ನೋಡಿದರು. ನಮ್ಮ 2ನೇ ಕ್ರೋಮೋಸೋಮ್ ಅವುಗಳ ಎರಡು ಚಿಕ್ಕ ಕ್ರೋಮೋಸೋಮ್‌ಗಳನ್ನು ತುದಿಗೆ ತುದಿ ಜೋಡಿಸಿದ ಹಾಗೆ ಕಂಡಿತು. ಹೊರಗಿನ ಹೋಲಿಕೆ ಅಷ್ಟೇ ಅಲ್ವಾ ಅನ್ನಬಹುದು. ಅದಕ್ಕೇ ಒಳಗೆ ನೋಡಬೇಕು. ಪ್ರತಿ ಕ್ರೋಮೋಸೋಮಿನ ತುದಿಯಲ್ಲಿ ಟಿ-ಟಿ-ಎ-ಜಿ-ಜಿ-ಜಿ ಎಂಬ ಡಿಎನ್ಎಯ ಆರು ಅಕ್ಷರ ಮತ್ತೆ ಮತ್ತೆ ಬರುತ್ತದೆ, ದಾರದ ತುದಿ ಬಿಚ್ಚಿಕೊಳ್ಳದ ಹಾಗೆ ಗಂಟು ಹಾಕಿದಂತೆ. ಅದು ತುದಿಯಲ್ಲಿ ಇರಬೇಕಾದದ್ದು. 1991ರಲ್ಲಿ ನಮ್ಮ 2ನೇ ಕ್ರೋಮೋಸೋಮಿನ ನಡುವೆ ಅದು ಸಿಕ್ಕಿತು, ಎರಡು ಗಂಟುಗಳು ಮುಖಾಮುಖಿ ಕೂತ ಹಾಗೆ. ಇನ್ನೂ ಒಂದಿದೆ. ಕ್ರೋಮೋಸೋಮಿಗೆ ಒಂದು ಸೊಂಟ (ಸೆಂಟ್ರೋಮಿಯರ್) ಇರುತ್ತದೆ, ಕಣ ಎರಡಾಗುವಾಗ ಅದನ್ನು ಹಿಡಿದು ಎಳೆಯುವ ಜಾಗ ಅದು. ನಮ್ಮ 2ನೆಯದರಲ್ಲಿ ಕೆಲಸ ಮಾಡುವ ಒಂದು ಸೊಂಟದ ಜೊತೆಗೆ, ಕೆಲಸ ನಿಲ್ಲಿಸಿದ ಇನ್ನೊಂದರ ಗುರುತೂ ಉಳಿದಿದೆ.

ಇದಕ್ಕೆ ಒಂದು ಆಕ್ಷೇಪ ಇದೆ, ಅದನ್ನೂ ಹೇಳಬೇಕು. ಜೋಡಣೆಯಾದ ಜಾಗದಲ್ಲಿ ಆ ಆರಕ್ಷರದ ಸಾಲು ತೀರಾ ಗಿಡ್ಡವಾಗಿದೆ, ಅಲ್ಲಲ್ಲಿ ಕೆಟ್ಟುಹೋಗಿದೆ, ಹಾಗಾಗಿ ಅದು ಜೋಡಣೆಯ ಗುರುತೇ ಅಲ್ಲ ಎನ್ನುತ್ತಾರೆ. ಗಿಡ್ಡವಾಗಿರುವುದು, ಕೆಟ್ಟಿರುವುದು ಎರಡೂ ಹೌದು. ಆದರೆ ತುದಿಯ ಗಂಟಿಗೆ ತುದಿಯಲ್ಲಿದ್ದಾಗ ಮಾತ್ರ ಕೆಲಸ. ನಡುವೆ ಸಿಕ್ಕಿಕೊಂಡ ಮೇಲೆ ಅದನ್ನು ರಿಪೇರಿ ಮಾಡಿ ಇಟ್ಟುಕೊಳ್ಳುವ ಅಗತ್ಯ ಜೀವಕೋಶಕ್ಕೆ ಇಲ್ಲ. ಲಕ್ಷಾಂತರ ವರ್ಷ ಬಿಟ್ಟುಹೋದ ಗಂಟು ಹಾಗೆಯೇ ಕಾಣಬೇಕು.

ಎರಡನೇ ವಾದ ಹೆಚ್ಚು ಸೊಗಸಾದದ್ದು. ಒಬ್ಬನೇ ಶಿಲ್ಪಿ ಮಾಡಿದ್ದಾದರೆ ಒಂದೇ ಥರದ ಭಾಗಗಳು ಇರುವುದು ಸಹಜ, ಹೋಲಿಕೆ ಇದ್ದ ಮಾತ್ರಕ್ಕೆ ಸಂಬಂಧ ಇದೆ ಅನ್ನಬಾರದು. ಚೆನ್ನಾಗಿ ಕೆಲಸ ಮಾಡುವ ಭಾಗಗಳ ಮಟ್ಟಿಗೆ ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಕೆಟ್ಟ ಭಾಗಗಳ ಕತೆ ಬೇರೆ. ನಾಯಿ, ಬೆಕ್ಕು, ಹಸು ತಮಗೆ ಬೇಕಾದ ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ತಿನ್ನದೆ ಹೋದರೆ ಒಸಡಲ್ಲಿ ರಕ್ತ ಬರುತ್ತದೆ. ಅದನ್ನು ತಯಾರಿಸುವ ಜೀನ್ ನಮ್ಮ 8ನೇ ಕ್ರೋಮೋಸೋಮಿನಲ್ಲಿ ಇವತ್ತಿಗೂ ಬಿದ್ದುಕೊಂಡಿದೆ, ಮುರಿದು. ಚಿಂಪಾಂಜಿಯದ್ದೂ ಮುರಿದಿದೆ, ಎಷ್ಟೋ ಕಡೆ ನಮ್ಮದು ಮುರಿದಲ್ಲೇ. ಗಿನಿಪಿಗ್‌ಗೂ ವಿಟಮಿನ್ ಸಿ ತಯಾರಿಸಲು ಬರುವುದಿಲ್ಲ, ಆದರೆ ಅದರ ಜೀನ್ ಕೆಟ್ಟ ರೀತಿಯೇ ಬೇರೆ.

ನಮ್ಮ ಲ್ಯಾಬಿನಲ್ಲಿ ಇಬ್ಬರು ರೋಗಿಗಳಿಗೆ ಒಂದೇ ಜಾಗದಲ್ಲಿ ಒಂದೇ ಥರದ ಅಪರೂಪದ ಮುರಿತ ಕಂಡರೆ ನಾವು ಮೊದಲು ಕೇಳುವ ಪ್ರಶ್ನೆ: ಇವರು ಸಂಬಂಧಿಕರಾ? ಹೆಚ್ಚಾಗಿ ಹೌದೆಂದೇ ಉತ್ತರ ಬರುತ್ತದೆ. ಮನುಷ್ಯ, ಚಿಂಪಾಂಜಿ ವಿಷಯಕ್ಕೆ ಬಂದಾಗ ಮಾತ್ರ ಆ ಪ್ರಶ್ನೆ ಕೇಳಬಾರದು ಎಂದರೆ ನಾನು ಹೇಗೆ ಒಪ್ಪಲಿ?

ಜೀವ ಮೊದಲು ಹೇಗೆ ಹುಟ್ಟಿತು ಎಂಬಲ್ಲಿಗೆ ಬಂದರೆ ನನ್ನ ದನಿ ತಗ್ಗುತ್ತದೆ. ಸರಳ ರಾಸಾಯನಿಕಗಳಿಂದ ಶುರು ಮಾಡಿ ಇಡೀ ಜೀವಕೋಶವನ್ನು ಇದುವರೆಗೆ ಯಾವ ಲ್ಯಾಬೂ ಕಟ್ಟಿಲ್ಲ. ಸೃಷ್ಟಿಯ ಪರ ವಾದಿಸುವವರು ಇದನ್ನು ಎತ್ತಿ ತೋರಿಸುವುದು ನ್ಯಾಯವೇ. ಅವರ ಇನ್ನೊಂದು ಪ್ರಶ್ನೆಯೂ ಒಳ್ಳೆಯದೇ: ಡಿಎನ್ಎ ನಕಲಾಗಲು ಪ್ರೋಟೀನ್ ಬೇಕು, ಪ್ರೋಟೀನ್ ಆಗಲು ಡಿಎನ್ಎ ಬೇಕು, ಮೊದಲು ಬಂದದ್ದು ಯಾವುದು? ಇದಕ್ಕೆ 1982ರಲ್ಲಿ ಒಂದು ಸುಳಿವು ಸಿಕ್ಕಿತು, ಡಿಎನ್ಎಯ ಹತ್ತಿರದ ನಂಟನಾದ ಆರ್‌ಎನ್‌ಎ ಎಂಬ ಅಣುವಿನಲ್ಲಿ. ಆರ್‌ಎನ್‌ಎ ತುಂಡೊಂದು ಯಾವ ಪ್ರೋಟೀನಿನ ಸಹಾಯವೂ ಇಲ್ಲದೆ ತನ್ನನ್ನು ತಾನೇ ಕತ್ತರಿಸಿಕೊಳ್ಳುವುದನ್ನು ಥಾಮಸ್ ಚೆಕ್ ಕಂಡುಹಿಡಿದರು. ಮಾಹಿತಿ ಇಟ್ಟುಕೊಳ್ಳುವುದು, ಕೆಲಸ ಮಾಡುವುದು ಎರಡೂ ಒಂದೇ ಅಣುವಿಗೆ ಬರುತ್ತದೆ ಎಂದಾಯಿತು. ಅದಕ್ಕೆ 1989ರಲ್ಲಿ ಸಿಡ್ನಿ ಆಲ್ಟ್‌ಮನ್ ಜೊತೆ ನೊಬೆಲ್ ಬಂತು. ಆಮೇಲೆ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಒಳರಚನೆ ತಿಳಿಯಿತು. ವೆಂಕಟರಾಮನ್ ರಾಮಕೃಷ್ಣನ್ ಸೇರಿ ಮೂವರಿಗೆ 2009ರ ನೊಬೆಲ್ ಬಂದದ್ದು ಆ ಕೆಲಸಕ್ಕೇ. ಅದರಲ್ಲಿ ಪ್ರೋಟೀನಿನ ಬಿಡಿ ತುಣುಕುಗಳಿಗೆ ಬೆಸುಗೆ ಹಾಕುವ ಜಾಗ ಪ್ರೋಟೀನ್ ಅಲ್ಲ, ಆರ್‌ಎನ್‌ಎ. ನಮ್ಮ ಒಂದೊಂದು ಜೀವಕೋಶದಲ್ಲೂ ಆ ಹಳೇ ಕಾಲದ ಯಂತ್ರ ಇವತ್ತಿಗೂ ಓಡುತ್ತಿದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ದೊಡ್ಡ ಸಂಖ್ಯೆಯ ವಾದವೂ ಇದೆ. ಪ್ರೋಟೀನ್ ಒಂದು ಸರವಾದರೆ ಅಮೈನೋ ಆಮ್ಲಗಳು ಅದರ ಮಣಿಗಳು. 100 ಅಮೈನೋ ಆಮ್ಲಗಳ ಒಂದು ಪ್ರೋಟೀನ್, ಪ್ರತಿ ಜಾಗಕ್ಕೆ 20 ಆಯ್ಕೆ. 1ರ ಮುಂದೆ 130 ಸೊನ್ನೆ ಹಾಕಿದಷ್ಟು ಸಾಧ್ಯತೆಗಳು, ಅದರಲ್ಲಿ ಸರಿಯಾದದ್ದು ತಾನಾಗಿ ಬಿದ್ದೀತೇ? ಗುಣಾಕಾರ ಸರಿಯಾಗಿಯೇ ಇದೆ. ಆದರೆ ಒಂದೇ ಏಟಿಗೆ ಬಿತ್ತು ಎಂದು ಯಾವ ವಿಜ್ಞಾನಿಯೂ ಹೇಳುತ್ತಿಲ್ಲ. ಸರಿಯಾದದ್ದು ಒಂದೇ ಎನ್ನುವುದೂ ನಿಜವಲ್ಲ, ಒಂದೇ ಕೆಲಸವನ್ನು ಬೇರೆ ಬೇರೆ ಜೋಡಣೆಯ ಪ್ರೋಟೀನ್‌ಗಳು ಮಾಡುತ್ತವೆ. ಅಮೈನೋ ಆಮ್ಲಗಳಂತೂ ಅಪರೂಪದ ವಸ್ತುವಲ್ಲ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ನೀರಾವಿ, ಮೀಥೇನ್, ಅಮೋನಿಯಾ, ಹೈಡ್ರೋಜನ್ ಇಟ್ಟು ಕಿಡಿ ಹಾರಿಸಿ ಅವನ್ನು ಪಡೆದರು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯ ಕಲ್ಲಿನಲ್ಲೂ ಅವು ಇದ್ದವು.

ಜೀವದಿಂದಲೇ ಜೀವ ಎಂದು ಪಾಶ್ಚರ್ ತೋರಿಸಿಲ್ಲವೇ ಎಂದೂ ಕೇಳುತ್ತಾರೆ. ಕುದಿಸಿ ಇಟ್ಟ ಸಾರಿನಲ್ಲಿ ತಾನಾಗಿ ಸೂಕ್ಷ್ಮಜೀವಿ ಹುಟ್ಟುವುದಿಲ್ಲ ಎಂದು ಅವರು ತೋರಿಸಿದ್ದು. ಕೋಟ್ಯಂತರ ವರ್ಷಗಳ ರಸಾಯನಶಾಸ್ತ್ರದ ಮಾತು ಅದರಲ್ಲಿ ಇಲ್ಲ.

ಇಷ್ಟೆಲ್ಲ ಹೇಳಿದರೆ ದೇವರಿಲ್ಲ ಎಂದು ಸಾಬೀತಾಯಿತಾ? ಇಲ್ಲ. ಅದನ್ನು ನೋಡುವ ಮೈಕ್ರೋಸ್ಕೋಪ್ ನನ್ನಲ್ಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ದೇವರನ್ನು ಕೂರಿಸಿದರೆ, ಗೊತ್ತಾದ ದಿನ ಅಲ್ಲಿಂದ ಎಬ್ಬಿಸಬೇಕಾಗುತ್ತದೆ ಎಂಬುದಷ್ಟೇ ನನ್ನ ಸಂಕಟ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಜಾರ್ಜ್ ಲೆಮೆತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಆ ವಿಜ್ಞಾನವನ್ನು ಸೃಷ್ಟಿಯ ಮಾತಿಗೆ ಆಧಾರವಾಗಿ ಬಳಸಿದಾಗ ಲೆಮೆತ್ರ್‌ಗೆ ಅದು ಹಿಡಿಸಲಿಲ್ಲ. ಅವರ ನಂಬಿಕೆ ಗಟ್ಟಿಯಾಗಿತ್ತು, ಅದಕ್ಕೆ ಸಮೀಕರಣದ ಊರುಗೋಲು ಬೇಕಿರಲಿಲ್ಲ. ನನಗೆ ತುಂಬ ಹತ್ತಿರವಾಗುವ ಮನುಷ್ಯ ಅವರು.

ಆ ದಂಪತಿಗೆ ನಾನು ಅಂದು ಹೇಳಿದ್ದು ಇಷ್ಟೇ: 45 ಇರುವುದು ತಪ್ಪಲ್ಲ, ಇನ್ನೂ ಒಂದು ಸಲ ಪ್ರಯತ್ನ ಮಾಡಿ. ಸುಮಾರು ಎರಡು ವರ್ಷದ ಮೇಲೆ ಗರ್ಭದ ನೀರಿನ ಮಾದರಿ ಬಂತು. ಜೋಡಿ ಹುಡುಕಿ ಸಾಲಾಗಿ ಇಟ್ಟೆ. 13, 14 ಅಂಟಿಕೊಂಡ ಅದೇ ಕಡ್ಡಿ, ಅಪ್ಪನಿಂದ ಬಂದದ್ದು. ಏನೂ ಕಳೆದಿಲ್ಲ, ಏನೂ ಹೆಚ್ಚಾಗಿಲ್ಲ. ರಿಪೋರ್ಟಿನಲ್ಲಿ 45 ಎಂದು ಬರೆದು ಸಹಿ ಹಾಕಿದೆ. ಆಮೇಲೆ ಅವರಿಗೆ ಫೋನ್ ಮಾಡಿದೆ.