ಸಣ್ಣ ಟ್ರಾವೆಲ್ ಟ್ರೇಲರ್‌ಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕೇ? ಬೇಕಾದರೆ ಎಂಥದ್ದು?

ಬೇಸಿಗೆ ರಜೆ ಹತ್ತಿರವಾದಂತೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಟ್ರಾವೆಲ್ ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ. ಅದನ್ನು ಕಾರಿಗೆ ಕಟ್ಟುವ ಜೋಡಣೆಯೇ ಹಿಚ್, ಟ್ರೇಲರ್‌ನ ಭಾರವನ್ನು ಕಾರಿನ ಹಿಂದಿನ ಚಕ್ರಗಳ ಮೇಲಷ್ಟೇ ಬಿಡದೆ ಹಂಚುವ ಬಗೆಯದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಪ್ರಶ್ನೆಯ ರೂಪ ಹೆಚ್ಚು ಕಡಿಮೆ ಹೀಗಿರುತ್ತದೆ:

“ನಮ್ಮದು ಮೂರು ಸಾಲು ಸೀಟಿನ ಎಸ್‌ಯುವಿ. ಎಳೆಯುವ ಸಾಮರ್ಥ್ಯ 5000 ಪೌಂಡ್ ಎಂದು ಕಂಪನಿ ಹೇಳಿದೆ. ಸಾಮಾನು ತುಂಬಿದ ಮೇಲೆ 3500 ಪೌಂಡ್ ತೂಗುವ ಸಣ್ಣ ಟ್ರಾವೆಲ್ ಟ್ರೇಲರ್ ಕೊಳ್ಳಬೇಕೆಂದಿದ್ದೇವೆ. ಮಾರುವವರು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಲೇಬೇಕು ಎನ್ನುತ್ತಾರೆ, ಗೆಳೆಯರು ಇಷ್ಟು ಸಣ್ಣದಕ್ಕೆ ಅದೆಲ್ಲ ಏಕೆ ಎನ್ನುತ್ತಾರೆ. ಯಾರ ಮಾತು ಕೇಳಬೇಕು?”

ಇಬ್ಬರ ಮಾತಿಗಿಂತ ಮೊದಲು ನಿಮ್ಮ ಕಾರಿನ ಮಾತು ಕೇಳಿ. ಕಾರಿನ ಕೈಪಿಡಿ ಒಪ್ಪಿದರೆ, ಇಂಥ ಗಾಡಿಗೆ ಇಷ್ಟು ತೂಕದ ಟ್ರೇಲರ್ ಕಟ್ಟುವಾಗ ನಾನು ಹಾಕಿಸಿ ಎಂದೇ ಹೇಳುತ್ತೇನೆ: 600 ಪೌಂಡ್ ದರ್ಜೆಯದು, ಟ್ರೇಲರ್ ಅತ್ತಿತ್ತ ಬಾಲ ಬೀಸುವ ಓಲಾಟವನ್ನು ತಡೆಯುವ ವ್ಯವಸ್ಥೆ ಅದರೊಳಗೇ ಇರುವಂಥದ್ದು. ಕೈಪಿಡಿ ಬೇಡ ಎಂದಿದ್ದರೆ ಬೇಡ. ಆಗ ಇನ್ನೂ ಹಗುರವಾದ ಟ್ರೇಲರ್ ಹುಡುಕಬೇಕು ಅಥವಾ ಎಳೆಯುವ ಗಾಡಿಯನ್ನೇ ಬದಲಿಸಬೇಕು. ಕಂಪನಿಗಳ ನಿಲುವು ಒಂದೇ ಥರ ಇಲ್ಲ. ಹೋಂಡಾ ರಿಡ್ಜ್‌ಲೈನ್‌ನ ಕೈಪಿಡಿ ಇಂಥ ಹಿಚ್ ಬಳಸುವುದು ಸೂಕ್ತವಲ್ಲ ಎನ್ನುತ್ತದೆ. ಫೋರ್ಡ್ ಎಫ್-150ಗೆ 5000 ಪೌಂಡ್ ದಾಟಿದ ಟ್ರೇಲರ್ ಕಟ್ಟುವುದಾದರೆ ಅದೇ ಹಿಚ್ ಕಡ್ಡಾಯ. ಆದ್ದರಿಂದ ಪಕ್ಕದ ಮನೆಯವರು ಹಾಕಿಸಿದ್ದಾರೆ ಎಂಬುದು ನಿಮಗೆ ಆಧಾರವಾಗದು. ಕೈಪಿಡಿಯ ಜೊತೆಗೆ ಕಾರಿನ ಹಿಂದೆ ಬಗ್ಗಿ ರಿಸೀವರ್ (ಹಿಚ್ ಸಿಕ್ಕಿಸುವ ಉಕ್ಕಿನ ಕೊಳವೆ) ಮೇಲಿನ ಚೀಟಿಯನ್ನೂ ಓದಿ. ಅದರಲ್ಲಿ ಸಾಮಾನ್ಯವಾಗಿ ಎರಡು ಜೋಡಿ ಅಂಕಿಗಳಿರುತ್ತವೆ: ಟ್ರೇಲರ್‌ನ ಮೂತಿ ಕೂರುವ ಉಕ್ಕಿನ ಗುಂಡು, ಅಂದರೆ ಬಾಲ್, ಅದರ ಮೇಲೆ ಬರೀ ಹೊರುವ ಮಿತಿ ಒಂದು, ವೇಟ್ ಡಿಸ್ಟ್ರಿಬ್ಯೂಷನ್ ಜೊತೆಗಿನ ಮಿತಿ ಇನ್ನೊಂದು. ಎರಡನೆಯ ಜೋಡಿ ಇಲ್ಲದಿದ್ದರೆ ಆ ರಿಸೀವರ್ ಈ ಹಿಚ್ ಹುಟ್ಟಿಸುವ ತಿರುಚು ಬಲವನ್ನು ತಾಳಲು ಮಾಡಿದ್ದಲ್ಲ ಎಂದೇ ತಿಳಿಯಬೇಕು.

ಈ ಹಿಚ್ ನಿಜವಾಗಿ ಏನು ಮಾಡುತ್ತದೆ ಎಂಬುದು ತಿಳಿದರೆ ಉಳಿದ ಆಯ್ಕೆಗಳು ಸುಲಭವಾಗುತ್ತವೆ. ಎತ್ತಿನ ಗಾಡಿಗೆ ಹೇರು ಹೇರುವುದನ್ನು ಕಂಡವರಿಗೆ ಮೂಲ ಸಂಗತಿ ಗೊತ್ತೇ ಇದೆ: ಭಾರ ಹಿಂದಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಾದರೆ ಎತ್ತಿನ ಹೆಗಲು ಬಳಲುತ್ತದೆ. ಟ್ರೇಲರ್‌ನ ಮೂತಿ ನಿಮ್ಮ ಕಾರಿನ ಮೇಲೆ ಒತ್ತುವ ಭಾರವೇ ಟಂಗ್ ವೇಟ್. ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇದು ಇರಬೇಕು. 3500 ಪೌಂಡ್ ಟ್ರೇಲರ್ ಎಂದರೆ 350ರಿಂದ 525 ಪೌಂಡ್.

450 ಎಂದೇ ಹಿಡಿಯೋಣ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 112 ಇಂಚು ಅಂತರವಿರುವ ಕಾರು, ಹಿಂದಿನ ಆಕ್ಸಲ್‌ನಿಂದ 45 ಇಂಚು ಆಚೆಗೆ ಹಿಚ್ ಬಾಲ್. ಭಾರ ಆಕ್ಸಲ್‌ನ ಆಚೆ ತೂಗುವುದರಿಂದ ಕಾರು ಹಿಂದಿನ ಚಕ್ರಗಳ ಮೇಲೆ ಸನ್ನೆಯಂತೆ ವಾಲುತ್ತದೆ. ಲೆಕ್ಕ ಹಾಕಿದರೆ ಮುಂದಿನ ಚಕ್ರಗಳು ಸುಮಾರು 180 ಪೌಂಡ್ ಕಳೆದುಕೊಳ್ಳುತ್ತವೆ. ಹಿಂದಿನ ಚಕ್ರಗಳ ಮೇಲೆ 450 ಅಲ್ಲ, 630 ಪೌಂಡ್ ಹೆಚ್ಚುತ್ತದೆ. ಸ್ಟೀರಿಂಗ್ ತಿರುಗಿಸುವುದೂ ಬ್ರೇಕಿನ ಬಹುಪಾಲು ಕೆಲಸ ಮಾಡುವುದೂ ಮುಂದಿನ ಚಕ್ರಗಳೇ. ಅವು ಹಗುರವಾದರೆ ತಿರುವಿನಲ್ಲಿ ಕಾರು ನೀವು ಹೇಳಿದಷ್ಟು ತಿರುಗದು, ಮಳೆಯ ರಸ್ತೆಯಲ್ಲಿ ನಿಲ್ಲಿಸಲು ಹೆಚ್ಚು ದೂರ ಬೇಕು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನಲ್ಲಿ ಬಾಲ್‌ನ ಕೆಳಗಿನಿಂದ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳು ಟ್ರೇಲರ್‌ನ ಮೂತಿಯ ಉದ್ದಕ್ಕೂ ಹಿಂದಕ್ಕೆ ಚಾಚಿರುತ್ತವೆ. ಅವುಗಳ ತುದಿಯನ್ನು ಮೇಲಕ್ಕೆ ಬಿಗಿದು ಚೌಕಟ್ಟಿಗೆ ಸಿಕ್ಕಿಸಿದಾಗ ಕಾರಿನ ಹಿಂಭಾಗವನ್ನು ಎತ್ತುವ ತಿರುಚು ಬಲ ಹುಟ್ಟುತ್ತದೆ. ನಮ್ಮ ಉದಾಹರಣೆಯಲ್ಲಿ, ಮುಂದಿನ ಚಕ್ರಗಳು ಕಳೆದುಕೊಂಡದ್ದರ ಅರ್ಧ, ಅಂದರೆ 90 ಪೌಂಡ್, ಮರಳುವಷ್ಟು ಬಿಗಿದರೆ ಇನ್ನೊಂದು 45 ಪೌಂಡ್‌ನಷ್ಟು ಟ್ರೇಲರ್‌ನ ಆಕ್ಸಲ್‌ಗೆ ದಾಟುತ್ತದೆ, ಹಿಂದಿನ ಚಕ್ರಗಳಿಂದ 135 ಇಳಿಯುತ್ತದೆ. ಒಟ್ಟು ತೂಕದಲ್ಲಿ ಒಂದು ಪೌಂಡೂ ಕಡಿಮೆಯಾಗಿಲ್ಲ, ಅದು ನಿಂತಿರುವ ಜಾಗ ಬದಲಾಗಿದೆ. ಕಾರಿನ ಹಿಂಭಾಗಕ್ಕೆ ಏರ್ ಬ್ಯಾಗ್ ಹಾಕಿಸಿದರೂ ಇದೇ ಪ್ರಯೋಜನ ಎಂದು ಹಲವರು ನಂಬಿದ್ದಾರೆ. ಏರ್ ಬ್ಯಾಗ್ ಕುಸಿದ ಕಾರನ್ನು ನೋಟಕ್ಕೆ ಸಮ ಮಾಡುತ್ತದೆ, ಮುಂದಿನ ಚಕ್ರಗಳಿಗೆ ಭಾರವನ್ನು ಮರಳಿಸುವುದಿಲ್ಲ.

ಈಗ, ನನಗೆ ಅತ್ಯಂತ ಕಳವಳ ತರುವ ವಿಷಯಕ್ಕೆ ಬರುತ್ತೇನೆ. 5000 ಪೌಂಡ್ ಎಳೆಯಬಲ್ಲದು ಎಂಬ ಮಾತಿನಿಂದ ಜನ ನಿಶ್ಚಿಂತರಾಗಿಬಿಡುತ್ತಾರೆ. ಆ ಅಂಕಿ ಬರುವುದು ಸಾಮಾನ್ಯವಾಗಿ ಎಸ್‌ಎಇ ಜೆ2807 ಎಂಬ ಪರೀಕ್ಷಾ ಮಾನದಂಡದಿಂದ. ಅರಿಝೋನಾದ ಡೇವಿಸ್ ಡ್ಯಾಮ್ ಏರನ್ನು ಏಸಿ ಹಾಕಿಕೊಂಡು ಹತ್ತಬೇಕು ಎಂಬಂಥ ಕಠಿಣ ಷರತ್ತುಗಳು ಅದರಲ್ಲಿವೆ. ಆದರೆ ಅದು ಸಾಮಾನ್ಯ ಕಾರುಗಳಲ್ಲಿ ಲೆಕ್ಕಕ್ಕೆ ಹಿಡಿಯುವುದು ತಲಾ 150 ಪೌಂಡ್‌ನ ಇಬ್ಬರನ್ನು ಮಾತ್ರ. ನಮ್ಮ ಮನೆಗಳಲ್ಲಿ ಪ್ರವಾಸವೆಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಆರು ತಿಂಗಳಿಗೆಂದು ಊರಿನಿಂದ ಬಂದ ಅಮ್ಮ, ಜೊತೆಗೆ ಕುಕ್ಕರು, ಅಕ್ಕಿ ಚೀಲ, ಕೂಲರ್.

ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಹಳದಿ ಪಟ್ಟಿಯ ಸ್ಟಿಕರ್ ನೋಡಿ. ಕೂರುವವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. 1300 ಎಂದಿದೆ ಎಂದುಕೊಳ್ಳಿ. ಐವರು ಸೇರಿ 650, ಸಾಮಾನು 200, ಟಂಗ್ ವೇಟ್ 450, ಹಿಚ್‌ನದೇ ತೂಕ 80. ಕೂಡಿದರೆ 1380. ಹಿಚ್ 45 ಪೌಂಡನ್ನು ಟ್ರೇಲರ್ ಆಕ್ಸಲ್‌ಗೆ ದಾಟಿಸಿದ ಮೇಲೂ 1335. ಎಳೆಯುವ ಮಿತಿಗೆ ಇನ್ನೂ 1500 ಪೌಂಡ್ ಬಾಕಿಯಿರುವಾಗಲೇ ಹೊರುವ ಮಿತಿ ಮುಗಿದುಹೋಯಿತು. ಯಾವ ಹಿಚ್ ಕೂಡ ಈ ಮಿತಿಯನ್ನು ಹೆಚ್ಚಿಸುವುದಿಲ್ಲ. ಹೆಚ್ಚಿಸುತ್ತದೆ ಎಂದು ಮಾರುವವರು ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಸಾಮಾನನ್ನು ಕಾರಿನಿಂದ ಟ್ರೇಲರ್‌ನ ಆಕ್ಸಲ್ ಮೇಲ್ಭಾಗಕ್ಕೆ ಸಾಗಿಸುವುದು ಒಂದು ದಾರಿ, ಆದರೆ ಟ್ರೇಲರ್‌ನ ಒಟ್ಟು ತೂಕದ ಮಿತಿ ಮೀರಬಾರದು.

ಪುಸ್ತಿಕೆಯಲ್ಲಿ ಛಾಪಿಸಿದ ಟಂಗ್ ವೇಟ್ ಅನ್ನೂ ನಂಬಬೇಡಿ. ಅದು ಬಹುಮಟ್ಟಿಗೆ ಖಾಲಿ ಟ್ರೇಲರ್‌ನದು. 20 ಪೌಂಡ್ ಪ್ರೊಪೇನ್ ಸಿಲಿಂಡರ್ ಎಂದು ಕರೆಯುವುದು ತುಂಬಿದಾಗ ಸುಮಾರು 37 ಪೌಂಡ್ ತೂಗುತ್ತದೆ, ಅಂಥ ಎರಡು ಮತ್ತು ಒಂದು ಬ್ಯಾಟರಿ ಸರಿಯಾಗಿ ಮೂತಿಯ ಮೇಲೆಯೇ ಕೂರುತ್ತವೆ. ನೀರಿನ ತೂಕ ಗ್ಯಾಲನ್‌ಗೆ 8.3 ಪೌಂಡ್‌ಗೂ ತುಸು ಹೆಚ್ಚು. 30 ಗ್ಯಾಲನ್ ಟ್ಯಾಂಕ್ ಆಕ್ಸಲ್‌ನ ಮುಂದಿದ್ದರೆ ಮೂತಿ ಭಾರವಾಗುತ್ತದೆ, ಹಿಂದಿದ್ದರೆ ಹಗುರವಾಗುತ್ತದೆ. ಪ್ರವಾಸಕ್ಕೆ ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿ ತೂಗಬೇಕು. ಇದಕ್ಕೆಂದೇ ತಕ್ಕಡಿ ಸಿಗುತ್ತದೆ. ಮನೆಯ ತಕ್ಕಡಿಯಲ್ಲೂ ಆಗುತ್ತದೆ: ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ತಕ್ಕಡಿಯ ಮೇಲೆ, ಟ್ರೇಲರ್‌ನ ಮೂತಿ ಇಟ್ಟಿಗೆಯಿಂದ ಒಂದು ಅಡಿ, ತಕ್ಕಡಿಯಿಂದ ಎರಡು ಅಡಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಇದನ್ನು ಮಾಡುವಾಗ ನೆಲ ಮಟ್ಟವಾಗಿರಲಿ, ಟ್ರೇಲರ್ ಚಕ್ರಗಳಿಗೆ ಎರಡೂ ಕಡೆ ತಡೆ ಇರಲಿ.

ಆ ಅಂಕಿ ಕೈಗೆ ಬಂದ ಮೇಲೆ ಬಾರ್‌ಗಳ ದರ್ಜೆ ಆರಿಸುವುದು. ಮಾರುಕಟ್ಟೆಯಲ್ಲಿ 400, 600, 800, 1000 ಎಂದೆಲ್ಲ ಇರುತ್ತವೆ. ಅಳೆದ ಟಂಗ್ ವೇಟ್‌ಗೆ ಕಾರಿನ ಹಿಂದಿನ ಆಕ್ಸಲ್‌ನ ಆಚೆ, ಡಿಕ್ಕಿಯಲ್ಲಿ, ಇಡುವ ಸಾಮಾನಿನ ತೂಕವನ್ನೂ ಸೇರಿಸಿ. 450ಕ್ಕೆ 100 ಸೇರಿದರೆ 550, ಆದ್ದರಿಂದ 600ರ ದರ್ಜೆ. ನಾಳೆ ದೊಡ್ಡ ಟ್ರೇಲರ್ ಕೊಳ್ಳಬಹುದು ಎಂದು ಈಗಲೇ 1000ದ್ದನ್ನು ತಂದುಬಿಡುವವರಿದ್ದಾರೆ. ಇದು ದುಡ್ಡು ಉಳಿಸುವ ದಾರಿ ಎಂದು ನನಗೆ ಅನ್ನಿಸುವುದಿಲ್ಲ. ಗಟ್ಟಿ ಬಾರ್ ಬಾಗದು. ರಸ್ತೆಯ ಪ್ರತಿ ಉಬ್ಬಿನ ಹೊಡೆತ ಟ್ರೇಲರ್‌ನ ಚೌಕಟ್ಟಿಗೂ ಕಾರಿನ ರಿಸೀವರ್‌ಗೂ ಹೋಗುತ್ತದೆ, ಹದ ಸಿಗುವುದೂ ಕಷ್ಟ. ಹೆಚ್ಚು ಬಿಗಿದರೆ ಕಾರಿನ ಹಿಂದಿನ ಚಕ್ರಗಳು ಹಗುರವಾಗಿ, ಜಾರುವ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಟ್ರೇಲರ್ ಹಿಂದಿನಿಂದ ತಳ್ಳಿ ಕಾರನ್ನು ಅಡ್ಡ ತಿರುಗಿಸಬಹುದು. ಅದು ಮುಂದಿನ ಚಕ್ರ ಹಗುರವಾಗುವುದಕ್ಕಿಂತ ಕೆಟ್ಟದ್ದು.

ಓಲಾಟದ ವಿಷಯ ಬೇರೆಯೇ. ಟ್ರೇಲರ್ ಅತ್ತಿತ್ತ ಬಾಲ ಬೀಸುವುದಕ್ಕೆ ಮುಖ್ಯ ಕಾರಣ ಹಿಂಭಾಗದಲ್ಲಿ ಹೆಚ್ಚು ತೂಕ, ಮೂತಿಯಲ್ಲಿ ಕಡಿಮೆ. ಹಿಂದಿನ ಬಂಪರಿಗೆ ಸೈಕಲ್‌ಗಳನ್ನು ನೇತುಹಾಕುವುದು ಇದಕ್ಕೆ ನೇರ ಆಹ್ವಾನ. ತೂಕ ಹಂಚುವ ಹಿಚ್ ತಾನಾಗಿ ಇದನ್ನು ಗುಣಪಡಿಸದು, ಓಲಾಟ ತಡೆಯುವ ವ್ಯವಸ್ಥೆಯೂ ತಪ್ಪಾಗಿ ಹೇರಿದ ಟ್ರೇಲರ್‌ಗೆ ಔಷಧಿಯಲ್ಲ. ಸರಿಯಾಗಿ ಹೇರಿದ ಟ್ರೇಲರ್ ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದಾಗ, ಅಡ್ಡಗಾಳಿ ಬೀಸಿದಾಗ ಅಲುಗದಂತೆ ಹಿಡಿಯುವುದಷ್ಟೇ ಅದರ ಕೆಲಸ. ಅಲುಗಾಟ ಶುರುವಾಗಿಯೇಬಿಟ್ಟರೆ ಕಾರಿನ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಲೂ ಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಬ್ರೇಕ್ ಕಂಟ್ರೋಲರ್‌ನ (ಕಾರಿನೊಳಗಿಂದ ಟ್ರೇಲರ್‌ನ ಬ್ರೇಕ್ ನಡೆಸುವ ಸಾಧನ) ಕೈಗುಂಡಿಯಿಂದ ಟ್ರೇಲರ್‌ನ ಬ್ರೇಕನ್ನು ಮಾತ್ರ ಹಾಕಿ. ಬ್ರೇಕ್ ಕಂಟ್ರೋಲರ್ ಇಲ್ಲದೆ 3500 ಪೌಂಡ್ ಕಟ್ಟುವ ಯೋಚನೆಯನ್ನೇ ಮಾಡಬೇಡಿ. ಹಿಚ್‌ಗೆ ಖರ್ಚು ಮಾಡುವ ಮೊದಲು ಅದಕ್ಕೆ ಮಾಡಿ.

ನಮೂನೆಗಳಲ್ಲಿ ಅಗ್ಗದ್ದು ದುಂಡು ಬಾರ್ ಮತ್ತು ಸರಪಳಿಯದು. ಓಲಾಟ ತಡೆಗೆ ಪ್ರತ್ಯೇಕ ಘರ್ಷಣೆಯ ಬಾರ್ ಸೇರಿಸಬೇಕು, ಹಿಂದಕ್ಕೆ ತೆಗೆಯುವ ಮೊದಲು ಅದನ್ನು ಬಿಚ್ಚಬೇಕು. ಕ್ಯಾಂಪ್‌ಗ್ರೌಂಡ್ ತಲುಪುವ ಹೊತ್ತಿಗೆ ಕತ್ತಲಾಗಿರುತ್ತದೆ, ಮಕ್ಕಳು ಹಸಿದಿರುತ್ತಾರೆ, ಆಗ ಈ ಬಿಚ್ಚುವ ಕೆಲಸ ಮರೆತುಹೋಗುತ್ತದೆ. ಆದ್ದರಿಂದ ನನ್ನ ಒಲವು ಈಕ್ವಲೈಸರ್‌ನಂಥ ನಾಲ್ಕು ಕಡೆ ಘರ್ಷಣೆಯಿರುವ ಹಿಚ್‌ಗಳ ಕಡೆಗೆ. ಬಾರ್‌ಗಳು ಗಟ್ಟಿ ಬ್ರಾಕೆಟ್‌ಗಳ ಮೇಲೆ ಕೂರುತ್ತವೆ, ಹಿಂದಕ್ಕೆ ತೆಗೆಯುವಾಗ ಬಿಚ್ಚಬೇಕಿಲ್ಲ. ತಿರುವಿನಲ್ಲಿ ಕಿರುಗುಟ್ಟುವುದೊಂದು ಕಿರಿಕಿರಿ. ಬ್ಲೂ ಆಕ್ಸ್ ಸ್ವೇಪ್ರೊ ಕೂಡ ಒಳ್ಳೆಯ ಆಯ್ಕೆ. ಆಂಡರ್ಸನ್ ನಮೂನೆ ಹಗುರ, ಸದ್ದಿಲ್ಲದ್ದು, ಬಾರ್ ಬದಲು ಸರಪಳಿ ಮತ್ತು ಯುರೇಥೇನ್ ಬುಷ್ ಬಳಸುತ್ತದೆ, ಆದರೆ ಅದು ದಾಟಿಸುವ ತೂಕ ಕಡಿಮೆ. ಕಾರು ಹೆಚ್ಚು ಕುಸಿಯದಿದ್ದರೆ ಸಾಕಾಗುತ್ತದೆ. ಹೆನ್ಸ್‌ಲಿ, ಪ್ರೊಪ್ರೈಡ್‌ಗಳು ಸಾವಿರಾರು ಡಾಲರಿನವು, ತಾವೇ ಬಹಳ ಭಾರ. ಪೇಲೋಡ್ ಸಾಲದ ಸಣ್ಣ ಎಸ್‌ಯುವಿಗೆ ಅವು ಹೊಂದುವುದಿಲ್ಲ.

ಟ್ರೇಲರ್ ಕಡೆಯ ಒಪ್ಪಿಗೆಯೂ ಬೇಕು. ಮೂತಿ ಒಂಟಿ ಕೊಳವೆಯದಾಗಿದ್ದರೆ ಸಾಮಾನ್ಯ ಬ್ರಾಕೆಟ್ ಕೂರಿಸಲು ಜಾಗ ಸಿಗುವುದಿಲ್ಲ. ಕೆಲವು ಹಗುರ ಚೌಕಟ್ಟುಗಳು ಈ ಬಲ ತಾಳುವುದಿಲ್ಲ, ತಯಾರಕರನ್ನು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಕಪ್ಲರ್ (ಟ್ರೇಲರ್ ಮೂತಿಯಲ್ಲಿ ಬಾಲನ್ನು ಹಿಡಿಯುವ ಭಾಗ) ಮೇಲೆ ಅಚ್ಚೊತ್ತಿದ ಅಳತೆಗೂ ಬಾಲ್‌ಗೂ ತಾಳೆಯಾಗಬೇಕು.

ಟ್ರೇಲರ್ ಕೊಂಡ ದಿನ ಅಂಗಡಿಯವರು ಹಿಚ್ ಹೊಂದಿಸಿ ಕೊಡುತ್ತಾರೆ, ಆದರೆ ಖಾಲಿ ಟ್ರೇಲರ್‌ಗೆ. ಸಾಮಾನು ತುಂಬಿದ ಮೇಲೆ ಮತ್ತೆ ಹೊಂದಿಸಬೇಕು. ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರವಿದೆ ಎಂದು ಮೂರು ಬಾರಿ ಅಳೆಯಿರಿ: ಟ್ರೇಲರ್ ಇಲ್ಲದೆ, ಟ್ರೇಲರ್ ಕಟ್ಟಿ ಬಾರ್ ಹಾಕದೆ, ಬಾರ್ ಹಾಕಿದ ಮೇಲೆ. ಮೇಲೆದ್ದಷ್ಟರಲ್ಲಿ ಅರ್ಧ ಇಳಿದರೆ ಸಾಕು ಎನ್ನುವ ಕಂಪನಿಗಳಿವೆ, ಪೂರ್ತಿ ಇಳಿಯಲಿ ಎನ್ನುವವೂ ಇವೆ. ನಿಮ್ಮ ಕೈಪಿಡಿ ಹೇಳಿದ್ದೇ ಅಂತಿಮ. ಮೊದಲಿದ್ದ ಎತ್ತರಕ್ಕಿಂತ ಕೆಳಗೆ ಮಾತ್ರ ಇಳಿಯಬಾರದು. ಬಾರ್ ಸಿಕ್ಕಿಸುವಾಗಲೂ ಬಿಡಿಸುವಾಗಲೂ ಟ್ರೇಲರ್‌ನ ಜಾಕ್‌ನಿಂದ ಮೂತಿ ಮತ್ತು ಕಾರಿನ ಹಿಂಭಾಗವನ್ನು ಒಟ್ಟಿಗೆ ಎತ್ತಿ ಬಿಗಿ ಸಡಿಲಿಸಿಕೊಳ್ಳಿ. ಇಲ್ಲದಿದ್ದರೆ ಬಾರ್ ಎತ್ತಲು ಹಿಡಿದ ಸನ್ನೆಗೋಲು ಮುಖಕ್ಕೆ ಸಿಡಿಯುವಷ್ಟು ಬಲ ಅದರಲ್ಲಿರುತ್ತದೆ.

ಆಮೇಲೆ ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್‌ಗೆ ಹೋಗಿ, ಮನೆಯವರೆಲ್ಲ ಕಾರಿನಲ್ಲಿ ಕೂತಿರುವಾಗ ಇದೇ ಮೂರು ಸ್ಥಿತಿಗಳಲ್ಲಿ ತೂಗಿಸಿ. ಪ್ರತಿ ಆಕ್ಸಲ್‌ನ ತೂಕ ಪ್ರತ್ಯೇಕವಾಗಿ ಚೀಟಿಯಲ್ಲಿ ಬರುತ್ತದೆ, ಬಾಗಿಲ ಕಂಬದ ಮೇಲಿನ ಆಕ್ಸಲ್ ಮಿತಿಗಳೊಡನೆ ಹೋಲಿಸಬಹುದು. ಇಷ್ಟಾದ ಮೇಲೂ ಸಂದೇಹ ಉಳಿದರೆ ಕಾರಿನ ಮಾದರಿ ಮತ್ತು ವರ್ಷ, ಸ್ಟಿಕರ್‌ನ ಪೇಲೋಡ್, ರಿಸೀವರ್ ಚೀಟಿಯ ಫೋಟೊ, ಆ ಮೂರು ತೂಕದ ಚೀಟಿಗಳು, ಇಷ್ಟನ್ನು ಕಳಿಸಿ. ಅವುಗಳಿದ್ದರೆ ನಿಮ್ಮ ಗಾಡಿಗೆ ಯಾವ ದರ್ಜೆ ಸರಿ ಎಂದು ನಿಖರವಾಗಿ ಹೇಳಬಹುದು.