ಮಳೆ, ಗುಡ್ಡ, ಒತ್ತಕ್ಷರ: ಫೋನಿನಲ್ಲಿ ಆಗಬೇಕಾದ ಸಣ್ಣ ರಿಪೇರಿಗಳು

ಹೊಸ ಫೋನ್ ಬಂದಾಗಲೆಲ್ಲ ಕ್ಯಾಮೆರಾ, ಚಿಪ್, ಎಐ ಅಂತಲೇ ಮಾತು. ನನಗೆ ಬೇಕಾಗಿರುವುದು ಅವು ಯಾವುವೂ ಅಲ್ಲ. ಜುಲೈ ತಿಂಗಳ ಮಳೆಯಲ್ಲಿ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಬಂದ ಕರೆಯನ್ನು ಒಂದೇ ಸಲಕ್ಕೆ ಎತ್ತುವಂತಾಗಬೇಕು. ಶಿರಸಿ ಕಡೆಯ ತೋಟದ ಮನೆಯಲ್ಲಿ ಸಂಜೆವರೆಗೆ ಬ್ಯಾಟರಿ ಉಳಿಯಬೇಕು. ಕನ್ನಡದ ಅಕ್ಷರ ಕಾಲು ಕತ್ತರಿಸಿಕೊಳ್ಳದೆ ಪೂರ್ತಿ ಕಾಣಬೇಕು. ಇದಕ್ಕೆ ಹೊಸ ಫೋನೇನೂ ಬೇಕಾಗಿಲ್ಲ. ಬಹುಪಾಲು ಆಪರೇಟಿಂಗ್ ಸಿಸ್ಟಮ್‌ನಲ್ಲೇ, ಅಂದರೆ ಆಂಡ್ರಾಯ್ಡ್ ಅಥವಾ ಐಓಎಸ್‌ನಲ್ಲೇ ಆಗುವ ಕೆಲಸ. ತೊಂದರೆ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ, ಏನು ಕೇಳಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮೊದಲು ನೀರಿನ ವಿಷಯ. ಫೋನಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಗೆರೆಗಳು ಅಡ್ಡಡ್ಡ, ಉದ್ದುದ್ದ ಹಾದುಹೋಗಿವೆ. ಸಾಮಾನ್ಯವಾಗಿ ಇಂಡಿಯಮ್ ಟಿನ್ ಆಕ್ಸೈಡ್ ಎಂಬ ವಸ್ತುವಿನಿಂದ ಮಾಡಿರುತ್ತಾರೆ. ಅದು ವಿದ್ಯುತ್ತನ್ನೂ ಹರಿಸುತ್ತದೆ, ಬೆಳಕನ್ನೂ ಬಿಡುತ್ತದೆ. ಅಡ್ಡಗೆರೆಗೆ ಸಣ್ಣ ಸಿಗ್ನಲ್ ಕೊಟ್ಟು, ಉದ್ದಗೆರೆಗೆ ಅದರಲ್ಲಿ ಎಷ್ಟು ಬಂತು ಅಂತ ಒಂದು ಚಿಪ್ ಬಿಡದೆ ಅಳೆಯುತ್ತಿರುತ್ತದೆ. ಬೆರಳು ಹತ್ತಿರ ಬಂದರೆ ಗೆರೆಗಳ ನಡುವಿನ ವಿದ್ಯುತ್ ಕ್ಷೇತ್ರದ ಒಂದು ಪಾಲು ಬೆರಳಿನ ಮೂಲಕ ಮೈಗೆ ಇಳಿದುಬಿಡುತ್ತದೆ. ಸಿಗ್ನಲ್ ಎಲ್ಲಿ ಕಡಿಮೆಯಾಯಿತೋ ಅಲ್ಲಿ ಬೆರಳಿದೆ ಅಂತ ಲೆಕ್ಕ. ನೀವು ಎಷ್ಟು ಜೋರಾಗಿ ಒತ್ತಿದಿರಿ ಎಂಬುದು ಅದಕ್ಕೆ ಮುಖ್ಯವೇ ಅಲ್ಲ.

ಆದರೆ ನೀರೂ ವಿದ್ಯುತ್ ಹರಿಸುತ್ತದಲ್ವಾ? ಒಂಟಿ ಹನಿ ಗಾಜಿನ ಮೇಲೆ ಸುಮ್ನೆ ಕೂತಿದ್ದರೆ ಚಿಪ್ ಅದನ್ನು ಬೆರಳಿನಿಂದ ಬೇರೆ ಮಾಡಿ ನೋಡಬಲ್ಲದು, ಯಾಕಂದರೆ ಹನಿಯಿಂದ ಆಚೆ ಹೋಗಲು ವಿದ್ಯುತ್ತಿಗೆ ದಾರಿ ಇರುವುದಿಲ್ಲ. ಹನಿಗಳು ಕೂಡಿಕೊಂಡು ಒಂದು ಪದರವಾಗಿ ನಿಮ್ಮ ಒದ್ದೆ ಹೆಬ್ಬೆರಳಿಗೆ ತಾಗಿದವು ಅಂದರೆ ಕಥೆ ಬೇರೆ. ಆಗ ಬೆರಳು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಚಿಪ್‌ಗೆ ತಿಳಿಯುವುದಿಲ್ಲ. ಉಪ್ಪುನೀರಿನಲ್ಲಂತೂ ಇದು ಇನ್ನೂ ಜಾಸ್ತಿ, ಮಳೆನೀರಿಗಿಂತ ಅದು ಎಷ್ಟೋ ಪಾಲು ಚೆನ್ನಾಗಿ ವಿದ್ಯುತ್ ಹರಿಸುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ತಯಾರಿಸುವವರಿಗೆಂದು ಮರೆಯಲ್ಲಿಟ್ಟಿರುವ 'ಡೆವಲಪರ್ ಆಯ್ಕೆಗಳು' ಎಂಬ ಭಾಗದಲ್ಲಿ 'ಪಾಯಿಂಟರ್ ಲೊಕೇಶನ್' ಅಂತ ಒಂದಿದೆ. ಅದನ್ನು ಆನ್ ಮಾಡಿದರೆ ಫೋನಿಗೆ ಎಲ್ಲೆಲ್ಲಿ ಬೆರಳು ಇದ್ದಂತೆ ಅನ್ನಿಸುತ್ತಿದೆಯೋ ಅಲ್ಲೆಲ್ಲ ಗೆರೆ ಮೂಡುತ್ತದೆ. ಒಣ ಬೆರಳಲ್ಲಿ ಎಳೆದರೆ ಒಂದೇ ಗೆರೆ. ಪರದೆಗೆ ಸ್ವಲ್ಪ ನೀರು ಚಿಮುಕಿಸಿ ಎಳೆದರೆ ಗೆರೆ ನಡುವೆ ತುಂಡಾಗುತ್ತದೆ, ಪಕ್ಕಕ್ಕೆ ಹಾರುತ್ತದೆ, ಒಮ್ಮೊಮ್ಮೆ ಎರಡಾಗುತ್ತದೆ.

ಈಗ ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಂಗಡೆ, ತಾರ್ಲೆ ಎಣಿಸಿ ಕೊಡುವ ಹೆಂಗಸರನ್ನು ನೆನಪಿಸಿಕೊಳ್ಳಿ. ಕೈಯೆಲ್ಲ ಐಸಿನ ನೀರು, ಉಪ್ಪು. ಫೋನ್ ರಿಂಗಾದರೆ ಸೆರಗಿಗೆ ಬೆರಳು ಒರೆಸಿಕೊಂಡು ಹಸಿರು ಬಟನ್ ಎಳೆಯುತ್ತಾರೆ. ಅದು ಅರ್ಧದವರೆಗೆ ಬಂದು ವಾಪಸ್ ಜಾರುತ್ತದೆ. ಮತ್ತೆ ಎಳೆಯುವಷ್ಟರಲ್ಲಿ ಕರೆ ಕಟ್. ಕಿಸೆಯಲ್ಲಿದ್ದ ಫೋನ್ ತಾನೇ ಕರೆ ಎತ್ತಬಾರದು ಅಂತ ಎಳೆಯುವ ಬಟನ್ ಇಟ್ಟಿದ್ದಾರೆ, ಅದು ಸರಿಯೇ. ಆದರೆ ಎಳೆಯುವುದಕ್ಕೆ ಬೆರಳಿನ ಗೆರೆ ತುಂಡಾಗದೆ ಸಾಗಬೇಕು, ಒದ್ದೆ ಗಾಜಿನ ಮೇಲೆ ಮೊದಲು ಕೈಕೊಡುವುದೇ ಅದು.

ನನ್ನ ಮೊದಲ ಬೇಡಿಕೆ ಇಲ್ಲಿದೆ. ಪರದೆಯ ಮೇಲೆ ನೀರಿದೆ ಅಂತ ಗುರುತಿಸುವ ಶಕ್ತಿ ಈಗಿನ ಎಷ್ಟೋ ಟಚ್ ಚಿಪ್‌ಗಳಿಗೆ ಇದೆ. ಆ ಸುದ್ದಿ ಆಪರೇಟಿಂಗ್ ಸಿಸ್ಟಮ್‌ಗೆ ಮುಟ್ಟಿ, ಅದು ತಕ್ಷಣ ಬಟನ್‌ಗಳನ್ನು ದೊಡ್ಡದು ಮಾಡಬೇಕು, ಎಳೆಯುವ ಬದಲು ಒತ್ತಿ ಹಿಡಿಯುವಂತೆ ಮಾಡಬೇಕು, ವಾಲ್ಯೂಮ್ ಕೀಲಿಯಿಂದಲೂ ಕರೆ ಎತ್ತಲು ಬಿಡಬೇಕು. ಗುರಿ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ಕೈ ಅದನ್ನು ಬೇಗ ಮುಟ್ಟುತ್ತದೆ ಅಂತ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಸೂತ್ರ ಬರೆದು ತೋರಿಸಿದ್ದಾರೆ. ಆಂಡ್ರಾಯ್ಡ್ ತನ್ನ ಬಟನ್‌ಗಳಿಗೆ ಹೇಳುವ ಕನಿಷ್ಠ ಅಳತೆ ಸುಮಾರು 9 ಮಿಲಿಮೀಟರ್. ಒಣ ಕೈಗೆ ಅದು ಸಾಕು, ಮಳೆಗಾಲದ ಕೈಗೆ ಸಾಲದು. ವಾಲ್ಯೂಮ್ ಕೀಲಿಯಿಂದ ಕರೆ ಎತ್ತುವ ಸೌಲಭ್ಯ ಸ್ಯಾಮ್‌ಸಂಗ್ ಫೋನುಗಳಲ್ಲಿ ಈಗಾಗಲೇ ಇದೆ, ಆದರೆ ಕರೆಯ ಸೆಟ್ಟಿಂಗ್ಸ್ ಒಳಗೆ ಹುಡುಕಿ ಆನ್ ಮಾಡಿಕೊಳ್ಳಬೇಕು. ಒನ್‌ಪ್ಲಸ್ 12ರಲ್ಲಿ ಒದ್ದೆ ಪರದೆಯಲ್ಲೂ ಟಚ್ ಸರಿಯಾಗಿ ಕೆಲಸ ಮಾಡುವ ವ್ಯವಸ್ಥೆ ಕೊಟ್ಟಿದ್ದಾರೆ. ಆಗುವ ಕೆಲಸ ಅಂತ ಇದರಿಂದಲೇ ಗೊತ್ತಾಗುತ್ತದೆ. ಅದು ದುಬಾರಿ ಫೋನುಗಳಲ್ಲೇ ಉಳಿಯಬಾರದು ಅಷ್ಟೆ. ಮಳೆಯಲ್ಲಿ ನೆನೆದು ದುಡಿಯುವವರ ಕೈಯಲ್ಲಿ ಇರುವುದು ಕಡಿಮೆ ಬೆಲೆಯ ಫೋನು.

ನಮ್ಮ ಕಡೆ ಎಲ್ಲರೂ ಮಾಡುವ ಇನ್ನೊಂದು ಉಪಾಯ, ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಇಟ್ಟುಕೊಳ್ಳುವುದು. ವಿದ್ಯುತ್ ಕ್ಷೇತ್ರ ತೆಳು ಪ್ಲಾಸ್ಟಿಕ್ ದಾಟಿ ಹೋಗುತ್ತದೆ, ಹಾಗಾಗಿ ಕೊಟ್ಟೆಯ ಮೇಲಿಂದಲೂ ಟಚ್ ಕೆಲಸ ಮಾಡುತ್ತದೆ, ಸ್ವಲ್ಪ ಮಂಕಾಗಿ. ಹಲವು ಫೋನುಗಳಲ್ಲಿ ಇದಕ್ಕೆಂದೇ 'ಟಚ್ ಸೆನ್ಸಿಟಿವಿಟಿ' ಎಂಬ ಸ್ವಿಚ್ ಇದೆ. ಪರದೆಯ ಮೇಲಿನಿಂದ ಎಳೆದರೆ ಸಿಗುವ ಟಾರ್ಚಿನ ಬಟನ್ ಪಕ್ಕದಲ್ಲೇ ಅದನ್ನು ಇಟ್ಟರೆ ಏನು ಕಷ್ಟ?

ಘಟ್ಟ ಹತ್ತಿದರೆ ತೊಂದರೆ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಮನೆಗಳು ಅದರ ಅಂಚಿನಲ್ಲಿ. ಟವರಿನ ಸಿಗ್ನಲ್‌ಗೆ ಗುಡ್ಡವೂ ಅಡ್ಡ, ಒದ್ದೆ ಮರಗಳೂ ಅಡ್ಡ. ಫೋನ್ ಮಾಡಬೇಕಾದರೆ ಬೆಟ್ಟ ಹತ್ತಿ, ಎರಡು ಕಡ್ಡಿ ಬರುವ ಜಾಗ ಹುಡುಕಿ ನಿಲ್ಲಬೇಕು. ಆ ಜಾಗಗಳು ಊರಿನವರಿಗೆಲ್ಲ ಗೊತ್ತಿರುತ್ತವೆ.

ಇಲ್ಲಿ ಬ್ಯಾಟರಿ ಯಾಕೆ ಬೇಗ ಖಾಲಿ ಅಂದರೆ, ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗಬೇಕು, ಕಿವಿ ಮಂದವಾದ ಅಜ್ಜನ ಹತ್ತಿರ ಮಾತಾಡಿದ ಹಾಗೆ. 4ಜಿ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ ಸುಮಾರು 200 ಮಿಲಿವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತದೆ. ಟವರ್ ಪಕ್ಕದಲ್ಲೇ ಇದ್ದರೆ ಒಂದು ಮಿಲಿವ್ಯಾಟ್‌ಗಿಂತ ಕಡಿಮೆಯೂ ಸಾಕಾಗಬಹುದು. ಸಿಗ್ನಲ್ ಪೂರ್ತಿ ಹೋದರೆ ಬೇರೆ ಬೇರೆ ಬ್ಯಾಂಡ್‌ಗಳಲ್ಲಿ, ಅಂದರೆ ರೇಡಿಯೋ ತರಂಗಗಳ ಬೇರೆ ಬೇರೆ ಪಟ್ಟಿಗಳಲ್ಲಿ, ಹುಡುಕುವ ಕೆಲಸ ಶುರು. ಹುಡುಕಿ ಹುಡುಕಿ ಸಿಗದಿದ್ದಾಗ ಬ್ಯಾಟರಿ ಉಳಿಸಲು ಆ ಹುಡುಕಾಟದ ನಡುವೆ ಜಾಸ್ತಿ ಜಾಸ್ತಿ ಬಿಡುವು ಕೊಡುತ್ತಾ ಹೋಗುತ್ತದೆ. ಇದರಿಂದಲೇ ಬೆಟ್ಟದ ತುದಿಗೆ ಬಂದು ನಿಂತರೂ ಎಷ್ಟೋ ಹೊತ್ತು 'ಸೇವೆ ಇಲ್ಲ' ಅಂತಲೇ ತೋರಿಸುವುದು. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ತಟ್ಟನೆ ಸಿಗುತ್ತದೆ, ಯಾಕಂದರೆ ಆಗ ಹುಡುಕಾಟ ಮೊದಲಿನಿಂದ ಶುರುವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಉಪಾಯಕ್ಕೆ 'ಈಗ ಹುಡುಕು' ಎಂಬ ಒಂದು ಬಟನ್ ಇಟ್ಟರೆ ಸಾಕು. ಜೊತೆಗೆ, ಸಿಗ್ನಲ್ ಬಂದ ಕೂಡಲೇ ಒಂದು ಸದ್ದು. ಮನೆಯಲ್ಲಿ ಸಿಗ್ನಲ್ ಇಲ್ಲ ಅಂತ ದಿನಾ ಗೊತ್ತಾಗುವ ಫೋನು, ಮಾಲೀಕ ಎದ್ದು ನಡೆಯುತ್ತಿದ್ದಾನೆ ಅಂತ ಚಲನೆಯ ಸೆನ್ಸರ್‌ನಿಂದ ತಿಳಿದಾಗ ಮಾತ್ರ ಜೋರಾಗಿ ಹುಡುಕಬಹುದು. ಸೆನ್ಸರ್ ಹೇಗೂ ಒಳಗಿದೆ.

ಕಡ್ಡಿಗಳ ಲೆಕ್ಕವೂ ಸರಿಯಾಗಬೇಕು. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. ಸಿಗ್ನಲ್ ಶಕ್ತಿಯನ್ನು ಅಳೆಯುವುದು ಡಿಬಿಎಂ ಎಂಬ ಮಾನದಲ್ಲಿ: ಮೈನಸ್ 70 ಡಿಬಿಎಂ ಒಳ್ಳೆಯ ಸಿಗ್ನಲ್, ಮೈನಸ್ 110 ತೀರಾ ಕಮ್ಮಿ. ಇವೆರಡರ ನಡುವೆ ಶಕ್ತಿಯ ವ್ಯತ್ಯಾಸ 10,000 ಪಟ್ಟು. ಅಷ್ಟನ್ನು ನಾಲ್ಕು ಕಡ್ಡಿಗಳಲ್ಲಿ ತೋರಿಸುತ್ತಾರೆ. ಅದೂ ಟವರಿನ ಮಾತು ನಮಗೆ ಎಷ್ಟು ಕೇಳುತ್ತಿದೆ ಎಂಬುದು ಮಾತ್ರ, ನಮ್ಮ ಮಾತು ಟವರಿಗೆ ಕೇಳುತ್ತದೋ ಇಲ್ಲವೋ ಅದರಲ್ಲಿ ಬರುವುದಿಲ್ಲ. ಬೇಕು ಅನ್ನುವವರಿಗೆ ಮೇಲ್ಗಡೆ ಆ ಸಂಖ್ಯೆಯನ್ನೇ ತೋರಿಸಿ.

ಇನ್ನು ಕನ್ನಡ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿದ ಪೆಟ್ಟಿಗೆಯಲ್ಲಿ ಕನ್ನಡ ಕೂರುವುದಿಲ್ಲ, ನಮ್ಮಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ಆಂಡ್ರಾಯ್ಡ್ ಬಹಳ ಕಾಲ ಇದಕ್ಕೆ ಮಾಡಿದ ಉಪಾಯ ಅಂದರೆ ಎತ್ತರ ಕುಗ್ಗಿಸಿದ ಫಾಂಟ್ ಬಳಸುವುದು. 2024ರ ಆಂಡ್ರಾಯ್ಡ್ 15ಕ್ಕೆಂದು ತಯಾರಾದ ಆ್ಯಪ್‌ಗಳಲ್ಲಿ ಮಾತ್ರ ಕನ್ನಡ, ತಮಿಳು, ತೆಲುಗು ಮುಂತಾದವಕ್ಕೆ ಪೂರ್ತಿ ಎತ್ತರದ ಅಕ್ಷರ ಡೀಫಾಲ್ಟ್ ಆಯಿತು. ತುಂಬಾ ಒಳ್ಳೆಯ ಬದಲಾವಣೆ, ಬಹಳ ತಡವಾಗಿ ಬಂತು.

ಅಳಿಸುವ ಬಟನ್ ಮಾತ್ರ ಇನ್ನೂ ಹಾಗೇ ಇದೆ. 'ಯಲ್ಲಾಪುರ' ಅಂತ ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ: 'ಲ್ಲಾ' ಒಂದರಲ್ಲೇ ಲ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ಮತ್ತೊಂದು ಲ, ದೀರ್ಘ ಅಂತ ನಾಲ್ಕಿವೆ. ಅಳಿಸುವಾಗ ಅವು ಒಂದೊಂದಾಗಿ ಹೋಗುತ್ತವೆ, ಕರ್ಸರ್ ಮಾತ್ರ ಇಡೀ ಅಕ್ಷರ ದಾಟಿಕೊಂಡೇ ಓಡಾಡುತ್ತದೆ. ಹಾಗಾಗಿ ಒತ್ತು ತಪ್ಪಾಗಿದ್ದರೆ ಅದರ ನಂತರದ ದೀರ್ಘವನ್ನೂ ಅಳಿಸಿ ಮತ್ತೆ ಬರೆಯಬೇಕು. ಒಂದೊಂದೇ ಸಂಕೇತ ಅಳಿಯುವುದು ನನಗೆ ಇಷ್ಟವೇ, ತಿದ್ದಲು ಅನುಕೂಲ. ಆದರೆ ಬಟನ್ ಒತ್ತಿ ಹಿಡಿದಾಗ ಇಡೀ ಅಕ್ಷರಗಳೇ ಹೋಗಬೇಕು, ಮತ್ತು ಅಕ್ಷರದ ಮೇಲೆ ಎರಡು ಸಲ ತಟ್ಟಿದರೆ ಅದರ ಒತ್ತು, ಸ್ವರ ಬಿಡಿಬಿಡಿಯಾಗಿ ತೆರೆದುಕೊಂಡು ಬೇಕಾದ್ದನ್ನು ಬದಲಿಸಲು ಆಗಬೇಕು.

ಹೆಸರು ಹುಡುಕುವುದೂ ಹೀಗೇ. ಹೆಗಡೆ, ಹೆಗ್ಡೆ ಅಂತ ಕನ್ನಡದಲ್ಲೇ ಎರಡು ಥರ, ಇಂಗ್ಲಿಷ್‌ನಲ್ಲಿ ಇನ್ನೆರಡು. ಶಿರಸಿಯಲ್ಲಿ ಯಾರ ಫೋನ್ ತೆರೆದರೂ ಹೆಗಡೆಯವರ ಸಾಲೇ ಇರುತ್ತದೆ, ಅರ್ಧ ಒಂದು ಲಿಪಿಯಲ್ಲಿ, ಅರ್ಧ ಇನ್ನೊಂದರಲ್ಲಿ. ಕಾರವಾರಕ್ಕೆ ಬಂದರೆ ಕೊಂಕಣಿಯ ದೇವನಾಗರಿಯೂ ಸೇರುತ್ತದೆ. ಉಚ್ಚಾರಣೆ ನೋಡಿ ಹೆಸರು ಹೊಂದಿಸುವ ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು, ಕಂಪ್ಯೂಟರ್ ಹುಟ್ಟುವ ಮೊದಲೇ. ಅದೇ ದಾರಿಯಲ್ಲಿ, ಯಾವ ಲಿಪಿಯಲ್ಲಿ ಹುಡುಕಿದರೂ ಎಲ್ಲ ಹೆಗಡೆಯವರೂ ಒಟ್ಟಿಗೆ ಸಿಗಬೇಕು.

ಇನ್ನೊಂದು, ಇದು ಎಲ್ಲ ಊರಿನವರದ್ದೂ. ಒತ್ತಲು ಬೆರಳು ಇಳಿಸುವ ಹೊತ್ತಿಗೆ ಪರದೆಯ ಮೇಲಿನ ಪಟ್ಟಿ ಸರಿದು, ಬೇರೆಯವರಿಗೆ ಫೋಟೋ ಹೋಗಿಬಿಡುವುದು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅದಕ್ಕಿಂತ ಕಡಿಮೆ ಹೊತ್ತಿನ ಹಿಂದೆ ಬಂದು ಕೂತ ಬಟನ್ ಮೇಲೆ ಬಿದ್ದ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಫೈರ್‌ಫಾಕ್ಸ್ ಬ್ರೌಸರ್ ಕೆಲವು ಸುರಕ್ಷತೆಯ ಪೆಟ್ಟಿಗೆಗಳಲ್ಲಿ ಬಟನ್‌ಗಳನ್ನು ಸ್ವಲ್ಪ ಹೊತ್ತು ತಡೆದು ಇಂಥದ್ದನ್ನೇ ಮಾಡುತ್ತದೆ.

ಆಂಡ್ರಾಯ್ಡ್‌ನ ದೂರು ಪಟ್ಟಿ, ಅಂದರೆ ಗೂಗಲ್‌ನ 'ಇಶ್ಯೂ ಟ್ರ್ಯಾಕರ್' ವೆಬ್‌ಸೈಟ್, ಎಲ್ಲರಿಗೂ ತೆರೆದಿದೆ. ಅಲ್ಲಿ ಹೊಸದು ಬರೆಯಬಹುದು, ಬೇರೆಯವರು ಬರೆದಿದ್ದಕ್ಕೆ ನಕ್ಷತ್ರ ಒತ್ತಿ 'ನನಗೂ ಇದೆ' ಅನ್ನಬಹುದು. ಅಕ್ಷರ ಕತ್ತರಿಸಿದ್ದರೆ ಸ್ಕ್ರೀನ್‌ಶಾಟ್ ಹಾಕಿ, ಫೋನಿನ ಮಾಡೆಲ್, ಆಂಡ್ರಾಯ್ಡ್ ಎಷ್ಟನೆಯದು ಅಂತಲೂ ಬರೆಯಿರಿ. ಮಳೆಯ ತೊಂದರೆಗೆ ಪಾಯಿಂಟರ್ ಲೊಕೇಶನ್ ಆನ್ ಮಾಡಿ ಸ್ಕ್ರೀನ್ ರೆಕಾರ್ಡ್ ಮಾಡಿದರೆ, ಹನಿ ಎಲ್ಲೆಲ್ಲಿ ಬೆರಳಿನಂತೆ ಕಂಡಿತು ಎಂಬುದು ಅದರಲ್ಲೇ ಬರುತ್ತದೆ.