ಸ್ಪೇನಿನ ಸೆರೆಮನೆಯಿಂದ ದೆಹಲಿಯ ‘ಕಸ್ಟಮ್ಸ್’ವರೆಗೆ

19ನೇ ಶತಮಾನದ ಕೊನೆಗೆ ಇಂಗ್ಲೆಂಡ್, ಅಮೆರಿಕದ ಮನೆಗಳಿಗೆ ಸ್ಪೇನಿನಿಂದ ಕಾಗದಗಳು ಬರುತ್ತಿದ್ದವು. ಸಿರಿವಂತನೊಬ್ಬ ಸೆರೆಯಲ್ಲಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕಳಿಸಿದರೆ ಬಚ್ಚಿಟ್ಟ ನಿಧಿಯಲ್ಲಿ ಪಾಲು. 1980ರ ದಶಕದ ಹೊತ್ತಿಗೆ ಅದೇ ಕಾಗದ ನೈಜೀರಿಯಾದಿಂದ ಹೊರಟಿತು. ಅಲ್ಲಿನ ದಂಡಸಂಹಿತೆಯಲ್ಲಿ ವಂಚನೆಗಿರುವ 419ನೇ ಕಲಮೇ ಅದಕ್ಕೆ ಹೆಸರಾಯಿತು.

ನಮ್ಮಲ್ಲಿನ ‘ಗಿಫ್ಟ್ ಪಾರ್ಸೆಲ್’ ವಂಚನೆ ಆ ಕಾಗದದ ಮೊಮ್ಮಗು. ಲಂಡನ್ನಿನ ಡಾಕ್ಟರ್ ಎಂದೋ ಹಡಗಿನ ಎಂಜಿನಿಯರ್ ಎಂದೋ ಮ್ಯಾಟ್ರಿಮೋನಿ ಸೈಟಿನಲ್ಲಿ ಪರಿಚಯ. ಎರಡು ಮೂರು ದಿನದಲ್ಲೇ ಮಾತು ವಾಟ್ಸ್ಆ್ಯಪ್‌ಗೆ ಸಾಗುತ್ತದೆ. ಸೈಟಿನವರು ಪ್ರೊಫೈಲ್ ತೆಗೆದರೂ ಸಂಪರ್ಕ ಕಡಿಯಬಾರದಲ್ಲ. ಆಮೇಲೆ ಚಿನ್ನ, ಐಫೋನ್, ಪೌಂಡ್ ನೋಟುಗಳಿರುವ ಪೆಟ್ಟಿಗೆಯ ಫೋಟೊ. ಬೆನ್ನಿಗೇ ದೆಹಲಿ ಏರ್‌ಪೋರ್ಟ್ ಕಸ್ಟಮ್ಸ್‌ನಿಂದ ಎಂದು ಕರೆ: ಸುಂಕ ₹35,000 ಕಟ್ಟಿ. ಕಟ್ಟಿದ ಮರುದಿನ, ಪೆಟ್ಟಿಗೆಯಲ್ಲಿ ವಿದೇಶಿ ಹಣ ಸಿಕ್ಕಿದೆ, ಕೇಸಾಗುತ್ತದೆ, ಸರ್ಟಿಫಿಕೇಟಿಗೆ ಲಕ್ಷ ಬೇಕು. ಪ್ರೀತಿಯ ಜಾಗಕ್ಕೆ ಭಯ ಬರುವುದು ಇಲ್ಲಿ. ಮೊದಲು ಕೊಟ್ಟಿದ್ದು ಮುಳುಗಬಾರದೆಂದು ಜನ ಮತ್ತೆ ಕೊಡುತ್ತಾರೆ.

ಕಸ್ಟಮ್ಸ್ ಇಲಾಖೆ ಯಾರದೋ ಉಳಿತಾಯ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ಅದರ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ಜಾಲತಾಣದಲ್ಲಿ ಅದನ್ನು ತಾಳೆ ನೋಡಬಹುದು. ಕರೆ +91ರಿಂದ ಬಂದಂತೆ ಕಂಡ ಮಾತ್ರಕ್ಕೆ ದೇಶದೊಳಗಿನದೆಂದು ನಂಬಬೇಡಿ. ತೋರುವ ನಂಬರನ್ನೇ ನಕಲು ಮಾಡಬಹುದು.

ಈ ವಂಚನೆಯ ಇತ್ತೀಚಿನ ರೂಪ ಚೀನಾದಲ್ಲಿ ಹುಟ್ಟಿ ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ಕಾವಲಿಟ್ಟ ಕಟ್ಟಡಗಳಿಗೆ ಹಬ್ಬಿತು. ಅಲ್ಲಿ ಕೂತು ಚಾಟ್ ಮಾಡುವವರಲ್ಲಿ ಅನೇಕರು ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದವರು. 2025ರ ಮಾರ್ಚ್‌ನಲ್ಲಿ ಅಂಥ ಭಾರತೀಯರನ್ನು ಮ್ಯಾನ್ಮಾರ್ ಗಡಿಗಂಟಿದ ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ಕರೆತರಲಾಯಿತು. ಈ ಹೊಸ ರೂಪದಲ್ಲಿ ಗೆಳತಿಯೋ ಗೆಳೆಯನೋ ಹಣ ಕೇಳುವುದೇ ಇಲ್ಲ, ಒಂದು ಟ್ರೇಡಿಂಗ್ ಆ್ಯಪ್ ತೋರಿಸುತ್ತಾರೆ. ಮೊದಲ ಸಲ ಸಣ್ಣ ಮೊತ್ತ ವಾಪಸ್ ಬರುತ್ತದೆ. ಆ ನಂಬಿಕೆಯಲ್ಲಿ ದೊಡ್ಡದು ಹಾಕಿದ ಮೇಲೆ, ತೆಗೆಯಲು ‘ತೆರಿಗೆ’ ಕಟ್ಟಿ ಎನ್ನುತ್ತದೆ ಆ್ಯಪ್. ಚೀನೀ ಭಾಷೆಯಲ್ಲಿ ಇದಕ್ಕೆ ಹಂದಿ ಕೊಬ್ಬಿಸಿ ಕೊಯ್ಯುವ ಹೆಸರಿತ್ತು; ನೊಂದವರಿಗೆ ಅವಮಾನವೆಂದು ಆ ಹೆಸರು ಬಿಡುವಂತೆ 2024ರ ಡಿಸೆಂಬರ್‌ನಲ್ಲಿ ಇಂಟರ್‌ಪೋಲ್ ಕೇಳಿಕೊಂಡಿತು. ಕೇಳಿದ್ದು ಸರಿಯಾಗಿಯೇ ಇದೆ. ನಾಚಿಕೆಯಿಂದ ಚಾಟ್ ಅಳಿಸಿ ಎರಡು ದಿನ ಸುಮ್ಮನಿದ್ದರೆ, ಹಣ ಅಷ್ಟರಲ್ಲಿ ನಾಲ್ಕಾರು ಖಾತೆ ದಾಟಿರುತ್ತದೆ.

ಹಣ ಹೋದ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಟಿಆರ್ (ಹಣ ವರ್ಗಾವಣೆಯ ಗುರುತು) ಸಂಖ್ಯೆ, ಮೊತ್ತ, ಸಮಯ, ಹಣ ಹೋದ ಖಾತೆಯ ವಿವರ ಕೈಯಲ್ಲಿರಲಿ. ಖಾತೆಯಲ್ಲಿ ಉಳಿದದ್ದನ್ನು ಬ್ಯಾಂಕ್ ತಡೆಹಿಡಿಯುವುದು ಇವುಗಳ ಆಧಾರದ ಮೇಲೆಯೇ. ಕೆಲ ವಾರ ಬಿಟ್ಟು ‘ಹೋದ ಹಣ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ‘ವಕೀಲ’ರೋ ‘ಅಧಿಕಾರಿ’ಯೋ ಕರೆ ಮಾಡಬಹುದು. 1930ರಲ್ಲಿ ದೂರು ಕೊಡಲು ಯಾವ ಶುಲ್ಕವೂ ಇಲ್ಲ.